ಮೂವತ್ತೊಂಬತ್ತರ ಮೇಲೆ ಒಂದು ನೂಲು

ಜುಲೈ 3

ಅಮ್ಮ,

ಈ ಸೇನಾ ತರಬೇತಿ ಕೇಂದ್ರಕ್ಕೆ ಬಂದು ನಾಳೆಗೆ ಐದು ವಾರ. ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದಾರೆ, ಬೆಳಿಗ್ಗೆ ಐದಕ್ಕೆ ಓಡಿಸುತ್ತಾರೆ, ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೂ ಕೋಣೆಯವರನ್ನೆಲ್ಲ ಮೈದಾನ ಸುತ್ತಿಸುತ್ತಾರೆ. ದರ್ಜಿಯ ಮಗಳೆಂದು ಗೊತ್ತಾದ ಮೇಲೆ ಕೋಣೆಯ ಇಬ್ಬರೂ ತಮ್ಮ ಉದುರಿದ ಗುಂಡಿಗಳನ್ನು ನನ್ನ ತಲೆಗೆ ಕಟ್ಟಿದ್ದಾರೆ.

ವಾರದ ದಿನ ಫೋನು ಬೀಗದೊಳಗೆ. ಭಾನುವಾರದ ಹತ್ತು ನಿಮಿಷದಲ್ಲಿ ಊಟ ಆಯಿತಾ, ಆಯಿತು ಎನ್ನುವಷ್ಟರಲ್ಲಿ ಹಿಂದೆ ನಿಂತವರು ಕೆಮ್ಮುತ್ತಾರೆ. ಅದಕ್ಕೇ ಈ ಕಾಗದ.

ನಮಗೆಲ್ಲ ಒಂದು ಫಾರಂ ಕೊಟ್ಟಿದ್ದಾರೆ. ಭೂಸೇನೆ, ನೌಕಾಪಡೆ, ವಾಯುಪಡೆ, ಈ ಮೂರರಲ್ಲಿ ಯಾವುದು ಮೊದಲು ಎಂದು ಬರೆಯಬೇಕು. ಇಪ್ಪತ್ತೆಂಟರ ಸಂಜೆ ಐದಕ್ಕೆ ಗಡುವು, ಆಮೇಲೆ ತಿದ್ದುವಂತಿಲ್ಲ. ಪೈಲಟ್ ಆಗಲು ಮೂರರಲ್ಲೂ ದಾರಿಯಿದೆ. ಭೂಸೇನೆಯಲ್ಲಿ ಚಿಕ್ಕ ಹೆಲಿಕಾಪ್ಟರು, ನೌಕಾಪಡೆಯಲ್ಲಿ ಸಮುದ್ರದ ಮೇಲೆ ಸುತ್ತುವ ವಿಮಾನ. ವಾಯುಪಡೆಯಲ್ಲಿ ಏನಿದೆ ಎಂದು ನಿನಗೆ ಹೇಳಬೇಕೇ? ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕತ್ತು ನೋಯುವವರೆಗೆ ನಾನು ನೋಡುತ್ತಿದ್ದ ನಮ್ಮೂರ ನೆಲೆಯ ವಿಮಾನಗಳೇ.

ತೊಡಕು ಕಾಲಿನದು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರೆ ಗೋಡೆಯಿಂದ ಹಿಮ್ಮಡಿಗೆ ಮೂವತ್ತೊಂಬತ್ತು ಇಂಚು ಇರಲೇಬೇಕಂತೆ. ವಾಯುಪಡೆಗೆ ಮಾತ್ರ ಈ ನಿಯಮ. ಡಾಕ್ಟರು ಅಳೆಯುವುದು ಫಾರಂ ಹೋದ ಮೇಲೆ. ವಾಯುಪಡೆಯೆಂದು ಬರೆದು ಅಳತೆಯಲ್ಲಿ ಸೋತರೆ ಉಳಿದೆರಡಕ್ಕೂ ಹಿಂದಿರುಗುವಂತಿಲ್ಲ. ಹಾರುವ ಮಾತೇ ಮುಗಿಯಿತು, ನಿವೃತ್ತಿಯವರೆಗೆ ನೆಲದ ಕೆಲಸ.

ನಾನು ಹೊರಡುವ ಹಿಂದಿನ ದಿನ ನೀನು ಅಂಗಡಿಯ ನೆಲದ ಮೇಲೆ ಕೂರಿಸಿ ಅಳೆದೆ. ಮೂವತ್ತೆಂಟೂವರೆ ಎಂದೆ. ಇಲ್ಲಿ ನನ್ನ ಪಕ್ಕದ ಹಾಸಿಗೆಯವಳು, ಎಲ್ಲದಕ್ಕೂ ವಾದ ಹೂಡುವುದರಿಂದ ಅವಳಿಗೆ ವಕೀಲೆ ಎಂದೇ ಹೆಸರು, ತನ್ನ ಸ್ಕೇಲನ್ನು ನಾಲ್ಕು ಸಲ ಎತ್ತಿಟ್ಟು ಅಳೆದು, "ಮೂವತ್ತೊಂಬತ್ತು ದಾಟುತ್ತೆ ಕಣೇ" ಎಂದಳು. ಮೂವತ್ತು ವರ್ಷ ಟೇಪು ಹಿಡಿದ ಕೈ ಅಳೆದದ್ದನ್ನು ನಿನ್ನ ಸ್ಕೇಲು ತಿದ್ದುತ್ತದೆಯೇ ಎಂದು ಕೇಳಿ ಬಾಯಿ ಮುಚ್ಚಿಸಿದೆ.

ಭೂಸೇನೆಯೆಂದೇ ಬರೆಯಬೇಕೇನೋ. ಹೆಲಿಕಾಪ್ಟರೂ ಹಾರುತ್ತದೆ ತಾನೇ.

ಅಪ್ಪನ ಬಸ್ಸಿನ ಬ್ರೇಕು ಇನ್ನೂ ಕಿರುಚುತ್ತಿದೆಯೇ?

ನಿನ್ನ
ಮಿಡತೆ


ಜುಲೈ 9

ಮಿಡತೆ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ. ಕಾಜಾ ಅಕ್ಕನಿಗೆ ಹೊಸ ಕನ್ನಡಕ ಬಂದಿದೆ. ಹತ್ತೊಂಬತ್ತು ವರ್ಷದಿಂದ ನಮ್ಮ ಅಂಗಡಿಯ ಕಾಜಾಗಳನ್ನೆಲ್ಲ ಹಾಕಿದ ಕೈ ಅದು. ಈಗ ರಿಪೇರಿಗೆ ಬಂದ ಹಳೆಯ ಅಂಗಿಯೊಂದನ್ನು ಕಣ್ಣ ಹತ್ತಿರ ಹಿಡಿದು, "ಇಷ್ಟು ಸೊಟ್ಟ ಕಾಜಾ ಇಟ್ಕೊಂಡು ಜನ ಹೆಂಗೆ ಓಡಾಡಿದ್ರವ್ವ, ಒಬ್ಬರೂ ಬೈಲಿಲ್ಲವಲ್ಲ" ಎಂದಳು. ಬೆಳಗಿನಿಂದ ಅದೇ ಚಿಂತೆ ಅವಳಿಗೆ.

ಅಪ್ಪ ನಿನ್ನ ಕಾಗದವನ್ನು ಎರಡು ಸಲ ಓದಿದರು. "ಮಿಡತೆಗೆ ಕಾಲು ಗಿಡ್ಡ ಅಂದ್ರೆ ಆನೆಗೆ ಕಿವಿ ಚಿಕ್ಕದು ಅಂದ ಹಾಗಾಯ್ತು" ಎಂದು ನನ್ನ ಮುಖ ನೋಡಿದರು. ನೀನು ಹುಟ್ಟಿದಾಗ ತೊಟ್ಟಿಲ ಹೊರಗೇ ಇದ್ದ ಕಾಲು ನೋಡಿ ಆ ಹೆಸರಿಟ್ಟವರು ಅವರೇ ಅಲ್ಲವೇ. ನಾನು ನೀರು ತರಲು ಎದ್ದೆ.

ಹೆಲಿಕಾಪ್ಟರು ಒಳ್ಳೆಯದು. ನಿಂತಲ್ಲೇ ನಿಲ್ಲುತ್ತದೆ, ಬೇಕಾದ ಕಡೆ ಇಳಿಯುತ್ತದೆ, ನೆಲಕ್ಕೆ ಹತ್ತಿರ. ನಿನಗೆ ಸರಿ ಕಂಡದ್ದನ್ನು ಮಾಡು.

ಮೂಲೆಯ ಕಪ್ಪು ಕೋಟನ್ನು ನಿನ್ನೆ ಬಿಸಿಲಿಗೆ ಹಾಕಿದೆ. ಅದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಕಾಜಾ ಅಕ್ಕ ಈ ವರ್ಷವೂ ಹೇಳಿದಳು. ಆರು ವರ್ಷವಾಯಿತು, ಒಯ್ಯಲು ಯಾರೂ ಬಂದಿಲ್ಲ. ಕೊಡಲು ಕೈ ಬರುವುದಿಲ್ಲ.

ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ಜುಲೈ 14

ಅಮ್ಮ,

ನಿನ್ನೆ ನಮ್ಮನ್ನು ವಾಯುಪಡೆಯ ನೆಲೆಗೆ ಕರೆದುಕೊಂಡು ಹೋಗಿದ್ದರು. ಏಣಿ ಹತ್ತಿ, ಪೈಲಟ್ ಕೂರುವ ಕಡೆ ಎರಡು ನಿಮಿಷ ಕೂರಲು ಬಿಟ್ಟರು. ನನ್ನ ಕಾಲು ಪೆಡಲು ಮುಟ್ಟಿತು, ಅಮ್ಮ. ಸರಿಯಾಗಿ ಮುಟ್ಟಿತೋ, ನಾನೇ ಸೊಂಟ ಮುಂದೆ ತಳ್ಳಿಕೊಂಡೆನೋ ಗೊತ್ತಿಲ್ಲ.

ಅದಕ್ಕೇ ಇನ್ನೊಂದೇ ಒಂದು ಸಲ ಕೇಳುತ್ತೇನೆ. ಮೂವತ್ತೆಂಟೂವರೆಯೇ? ನೀನು ಹೌದೆಂದರೆ ಮುಗಿಯಿತು. ಭೂಸೇನೆಯೆಂದು ಬರೆದು ಕಚೇರಿಯ ಪೆಟ್ಟಿಗೆಗೆ ಹಾಕಿಬಿಡುತ್ತೇನೆ, ಆಮೇಲೆ ಒಂದು ದಿನವೂ ಕೊರಗುವುದಿಲ್ಲ. ನೀನು ಅಳೆದದ್ದು ಎಂಬ ಸಮಾಧಾನವಾದರೂ ಇರುತ್ತದೆ.

ಮಿಡತೆ


ಜುಲೈ 20

ಮಗಳೇ,

ಮೊನ್ನೆ ಭಾನುವಾರ ಫೋನಿನಲ್ಲಿ ಎರಡು ಸಲ ಬಾಯಿ ತೆರೆದೆ. ನೀನು ಊಟ ಆಯಿತಾ ಎಂದೆ. ನಾನು ಆಯಿತು ಎಂದೆ.

ಮೂವತ್ತೆಂಟೂವರೆ ಅಲ್ಲ.

ನನ್ನ ಕುತ್ತಿಗೆಯಲ್ಲಿರುವ ಹಳದಿ ಟೇಪು ನಿನಗಿಂತ ಒಂದು ವರ್ಷ ದೊಡ್ಡದು. ಬಟ್ಟೆಯ ಟೇಪು ಎಳೆದೆಳೆದು ಹಿಗ್ಗುತ್ತದೆ. ಅರವತ್ತು ಇಂಚಿನ ಟೇಪು ಈಗ ಅರವತ್ತೊಂದರಷ್ಟು ಉದ್ದವಿದೆ. ಕಬ್ಬಿಣದ ಮೀಟರ್ ಕಡ್ಡಿ ತಂದ ದಿನ ಪಕ್ಕದಲ್ಲಿಟ್ಟು ನೋಡಿದ್ದೆ. ಹಿಗ್ಗಿದ ಟೇಪು ಉದ್ದವಾದದ್ದನ್ನು ಗಿಡ್ಡ ಎನ್ನುತ್ತದೆ. ಹಾಗಿದ್ದೂ ನಮ್ಮ ಅಂಗಡಿಯಲ್ಲಿ ಒಬ್ಬರ ಬಟ್ಟೆಯೂ ಕೆಡಲಿಲ್ಲ. ಮೈ ಅಳೆದದ್ದು ಅದೇ ಟೇಪು, ಬಟ್ಟೆ ಅಳೆದದ್ದೂ ಅದೇ. ಸುಳ್ಳು ಎರಡೂ ಕಡೆ ಒಂದೇ ಸಮನಾಗಿದ್ದರೆ ಅಂಗಿ ಸರಿಯಾಗಿಯೇ ಕೂರುತ್ತದೆ. ಆ ಧೈರ್ಯದಲ್ಲೇ ಬದಲಿಸದೆ ಇದ್ದೆ.

ನಿನ್ನನ್ನು ಅಳೆಯುವಾಗ ಇದು ನೆನಪಿರಲಿಲ್ಲ ಎಂದು ಬರೆಯಬಹುದಿತ್ತು. ನೆನಪಿತ್ತು. ಮೀಟರ್ ಕಡ್ಡಿ ಕೈಗೆಟುಕುವಷ್ಟು ಹತ್ತಿರ, ಗೋಡೆಗೆ ಒರಗಿ ನಿಂತಿತ್ತು. ನನ್ನ ಕೈ ಟೇಪಿಗೆ ಹೋಯಿತು. ಮೂವತ್ತೆಂಟೂವರೆ ಎಂದಾಗ ನಿನ್ನ ಮುಖ ಇಳಿದದ್ದು ಕಂಡಿತು. ನನ್ನ ಎದೆಯೊಳಗೆ ಏನೋ ಹಗುರವಾದದ್ದೂ ತಿಳಿಯಿತು. ಅದನ್ನು ಈ ಎರಡು ತಿಂಗಳು ಹೊತ್ತುಕೊಂಡೇ ಮಿಷನ್ ತುಳಿದಿದ್ದೇನೆ.

ಕಾರಣ ಆ ಕೋಟು. ನಿನಗೆ ಅದು ಯಾರೋ ಮರೆತುಹೋದ ಬಟ್ಟೆ. ನನಗೆ ಅದರ ಮಾಲೀಕ ಗೊತ್ತು. ಚೀಟಿಯಲ್ಲಿ ಹೆಸರು ಬರೆಯುವ ಅಭ್ಯಾಸ ನನಗಿಲ್ಲವಲ್ಲ. ಹೆಸರು ಮರೆಯುತ್ತೇನೆ, ಮೈ ಮರೆಯುವುದಿಲ್ಲ. ಅದರ ಚೀಟಿಯಲ್ಲಿ "ಎಡಭುಜ ತಗ್ಗು, ಶನಿವಾರ" ಎಂದಿದೆ. ವಿಮಾನ ನೆಲೆಯ ಹುಡುಗ, ಪೈಲಟ್. ಇಪ್ಪತ್ತೈದು ಇದ್ದಿರಬಹುದು. ಸಡಿಲವಾಗಿದ್ದ ಸೊಂಟ ಹಿಡಿಸಲು ಕೊಟ್ಟು, "ಶನಿವಾರ ಪಾರ್ಟಿ ಇದೆ ಅಕ್ಕ, ತಪ್ಪಿಸಬೇಡಿ" ಎಂದಿದ್ದ. ಗುರುವಾರ ವಿಮಾನ ಬಿತ್ತು. ಪೇಪರಿನಲ್ಲಿ ಎರಡು ಹೆಸರು ಬಂದವು. ನನ್ನ ಚೀಟಿಯಲ್ಲಿ ಹೆಸರಿಲ್ಲ, ಹೊಂದಿಸಿ ನೋಡುವುದು ಹೇಗೆ? ಶನಿವಾರ ಅವನು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಅವತ್ತಿನಿಂದ ನೀನು ಮೆಟ್ಟಿಲ ಮೇಲೆ ಕೂತು ಕತ್ತೆತ್ತಿದಾಗಲೆಲ್ಲ ನಾನು ಒಳಗೆ ಮೂಲೆಯ ಕಡೆ ನೋಡುತ್ತಿದ್ದೆ.

ಹೆದರಿಕೆ ನನ್ನದು. ಅದನ್ನು ನಿನ್ನ ಕಾಲಿಗೆ ಕಟ್ಟಿದೆ.

ಅವತ್ತು ನಿನ್ನ ಹಿಮ್ಮಡಿಯ ಬಳಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ನೀನು ಹೋದ ಮೇಲೆ ಕಡ್ಡಿಯಿಂದ ಅಳೆದೆ. ಮೂವತ್ತೊಂಬತ್ತು, ಮೇಲೆ ಒಂದು ನೂಲು. ಕಡ್ಡಿ ಮುಗಿಯಲು ಎರಡು ನೂಲು ಬಾಕಿ. ನಿನ್ನ ಮೊದಲ ಕಾಗದ ಬಂದ ದಿನ ಮತ್ತೆ ಅಳೆದೆ, ಇವತ್ತು ಇನ್ನೊಮ್ಮೆ. ಕಸ ಗುಡಿಸುವಾಗ ಅದನ್ನು ಬಿಟ್ಟು ಗುಡಿಸು ಎಂದು ಕಾಜಾ ಅಕ್ಕನಿಗೆ ಹೇಳಿದ್ದೇನೆ. ಏಕೆ ಎಂದು ಅವಳು ಕೇಳಿಲ್ಲ.

ಬರೀ ಒಂದು ನೂಲು, ಇಂಚಿನ ಎಂಟನೆಯ ಒಂದು ಪಾಲು. ಗೋಡೆಗೆ ಬೆನ್ನು ಸರಿಯಾಗಿ ಅಂಟದಿದ್ದರೆ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ. ವಾಯುಪಡೆಯೆಂದು ಬರೆ ಎನ್ನಲಾರೆ, ಬೇಡ ಎನ್ನುವ ಹಕ್ಕಂತೂ ಉಳಿದಿಲ್ಲ.

ಅಂಚೆ ಕಚೇರಿಗೆ ನಾನೇ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ಅಮ್ಮ


ಆಗಸ್ಟ್ 2

ಮಿಡತೆ,

ಅಪ್ಪ ಕಾಗದ ಬರೆಯುತ್ತಿದ್ದಾನೆಂದು ಗಾಬರಿಯಾಗಬೇಡ, ಎಲ್ಲರೂ ಬದುಕಿದ್ದೇವೆ.

ಭಾನುವಾರ ಫೋನಿನಲ್ಲಿ ನನ್ನ ಜೊತೆ ಮಾತ್ರ ಮಾತಾಡಿ ಇಟ್ಟೆ. ಫಾರಂ ಏನಾಯಿತು ಎಂದರೆ, "ಅಮ್ಮನಿಗೇ ಬರೀತೀನಿ" ಎಂದೆ. ಸರಿ, ಬರೆ. ನಿಮ್ಮಿಬ್ಬರ ನಡುವೆ ನಾನು ಕೈ ಹಾಕುವುದಿಲ್ಲ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಕಲಿತದ್ದು ಇದೊಂದೇ: ಹೆಂಗಸರ ಸೀಟಿನಲ್ಲಿ ಜಗಳ ಶುರುವಾದರೆ ಡ್ರೈವರು ಕನ್ನಡಿ ನೋಡಬಾರದು.

ಆದರೂ ಒಂದು ಮಾತು. ಅವಳು ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿದಳು. ನಮ್ಮ ಮದುವೆಯಾದಾಗಿನಿಂದ ಇಂಥದ್ದು ನೋಡಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಹೊಡೆದರೆ ಕತ್ತರಿ ನಿಲ್ಲುತ್ತದೆ.

ಬೈದಾದರೂ ಬರೆ.

ಅಪ್ಪ


ಆಗಸ್ಟ್ 12

ಮಗಳೇ,

ನೀನು ಬರೆದಿಲ್ಲ. ಬರೆಯಬೇಕೆಂದು ಕೇಳಲೂ ಇದನ್ನು ಬರೆಯುತ್ತಿಲ್ಲ. ಆದರೆ ನಿನಗೆ ಹೇಳದೆ ಇದನ್ನು ಇಟ್ಟುಕೊಳ್ಳಲಾರೆ.

ನಿನ್ನೆ ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದೆ. ಬಾಗಿಲಲ್ಲಿ ಯಾರೋ ಬಂದು ಬೆಳಕಿಗೆ ಅಡ್ಡ ನಿಂತರು. ಮುಖ ಕಾಣಲಿಲ್ಲ, ಆಕಾರ ಮಾತ್ರ ಕಂಡಿತು. ದಪ್ಪನೆಯ ಮನುಷ್ಯ, ಎಡಭುಜ ತಗ್ಗು.

ನನ್ನ ಕೈಯಲ್ಲಿ ಪೆಟ್ಟಿಗೆ ಹಾಗೇ ಉಳಿಯಿತು. ಯಾರದೋ ಪ್ಯಾಂಟು ಸುಟ್ಟಿತು. ಕಾಜಾ ಅಕ್ಕ ಬಂದು ಪೆಟ್ಟಿಗೆ ಕಿತ್ತುಕೊಂಡಳು.

ಅವರು ಒಳಗೆ ಬಂದು ಸುತ್ತ ನೋಡಿ, "ಅಕ್ಕ, ನೀವಿನ್ನೂ ಇಲ್ಲೇ ಇದ್ದೀರಾ" ಎಂದರು. ಆರು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತನ್ನು ಅವರೇ ಕೇಳಿದರು. ನಾನು ಮೂಲೆಗೆ ಹೋಗಿ ಕೋಟು ತಂದು ಮುಂದಿಟ್ಟೆ. ಚೀಟಿ ಹಳದಿಯಾಗಿತ್ತು. ಅದನ್ನು ಓದಿ, ತಮ್ಮ ಭುಜ ಮುಟ್ಟಿ ನೋಡಿಕೊಂಡರು. "ಇದು ತಗ್ಗು ಅಂತ ನನಗೇ ಗೊತ್ತಿರಲಿಲ್ಲ" ಎಂದರು.

ಬಿದ್ದ ವಿಮಾನದಲ್ಲಿದ್ದ ಇಬ್ಬರೂ ಅವರ ಸ್ನೇಹಿತರು, ಒಂದೇ ಕೋಣೆಯವರು. ಪಾರ್ಟಿ ನಡೆಯಲಿಲ್ಲ. ಆ ತಿಂಗಳೇ ಅವರನ್ನು ಬೇರೆ ಊರಿಗೆ ಹಾಕಿದರು. ಕೋಟು ನೆನಪಿತ್ತಂತೆ, ಬಂದು ತೆಗೆದುಕೊಳ್ಳಲು ಮನಸ್ಸಾಗಲಿಲ್ಲವಂತೆ. ಈಗ ಮತ್ತೆ ಇಲ್ಲಿನ ನೆಲೆಗೆ ಬಂದಿದ್ದಾರೆ, ಹೊಸಬರಿಗೆ ಕಲಿಸಲು. ಇವತ್ತಿಗೂ ಹಾರುತ್ತಾರೆ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಸಂಜೆ ಮಾರುಕಟ್ಟೆಯಲ್ಲಿ ತರಕಾರಿ ಒಯ್ಯಬೇಕು, ಮರೆತರೆ ಮನೆಗೆ ಸೇರಿಸುವುದಿಲ್ಲ ಎಂದು ಗಡಿಯಾರ ನೋಡುತ್ತಿದ್ದರು.

ಕೋಟು ಹಾಕಿಸಿ ನೋಡಿದೆ. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು. ಕಾಜಾ ಅಕ್ಕ ಕನ್ನಡಕ ಏರಿಸಿಕೊಂಡು, "ನಾವು ನಿಮ್ಮನ್ನ ಸತ್ತೋದ್ರಿ ಅಂದ್ಕೊಂಡು ಧೂಳು ಒರೆಸ್ತಾ ಕೂತಿದ್ರೆ ನೀವು ಅಲ್ಲಿ ಕೂತು ಉಂಡಿದ್ದೀರಿ" ಎಂದುಬಿಟ್ಟಳು. ನಾನು ಅವಳ ಸೆರಗು ಜಗ್ಗಿದೆ. ಅವರು ತಮ್ಮ ಹೊಟ್ಟೆ ನೋಡಿಕೊಂಡು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಒರೆಸಿಕೊಂಡ ಮೇಲೂ ಕರ್ಚೀಫನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು.

ಆ ಕೋಟಿನ ಸೊಂಟ ಹಿಡಿಸುವಾಗ ಬಟ್ಟೆ ಕತ್ತರಿಸಿರಲಿಲ್ಲ. ಹೆಚ್ಚಾದದ್ದನ್ನು ಹೊಲಿಗೆಯೊಳಗೆ ಮಡಿಸಿಟ್ಟಿದ್ದೆ. ಎಲ್ಲರಿಗೂ ಹಾಗೇ ಮಾಡುತ್ತೇನೆ, ಮೈ ಇದ್ದ ಹಾಗೆ ಇರುವುದಿಲ್ಲವಲ್ಲ. ಇವತ್ತು ಅದನ್ನು ಬಿಚ್ಚಿದೆ. ಪೂರ್ತಿ ಸಾಲದು, ಆದರೆ ಉಸಿರು ಬಿಗಿಹಿಡಿದರೆ ಗುಂಡಿ ಸೇರುತ್ತದೆ.

ಇದನ್ನು ಕೇಳಿದರೆ ನನ್ನ ತಪ್ಪು ಕಡಿಮೆಯಾಗುತ್ತದೆ ಎಂದಲ್ಲ. ಸತ್ತ ಇಬ್ಬರು ಸತ್ತಿದ್ದಾರೆ, ಯಾರ ಮಕ್ಕಳೋ. ಆದರೆ ನಿನ್ನೆ ರಾತ್ರಿ ನಿದ್ದೆ ಬಂತು.

ಅಮ್ಮ


ಆಗಸ್ಟ್ 19

ಅಮ್ಮ,

ನಿನ್ನ ಜುಲೈ ಇಪ್ಪತ್ತರ ಕಾಗದ ನನ್ನ ಕೈಗೆ ಬಂದದ್ದು ಇಪ್ಪತ್ತಾರಕ್ಕೆ. ಭೂಸೇನೆಯೆಂದು ಬರೆದ ಫಾರಂ ಇಪ್ಪತ್ತೈದಕ್ಕೇ ಪೆಟ್ಟಿಗೆಗೆ ಹಾಕಿ ಆಗಿತ್ತು. ನೀನು ಉತ್ತರ ಕೊಡಲಿಲ್ಲ ಎಂದರೆ ಮೂವತ್ತೆಂಟೂವರೆಯೇ ಇರಬೇಕು ಎಂದುಕೊಂಡೆ.

ಓದಿ ಮುಗಿಸಿ ನಾಲ್ಕು ಚೂರು ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ಸಂಜೆ ನಾನು ಓಡಿ ಬರುವಷ್ಟರಲ್ಲಿ ವಕೀಲೆ ಚೂರುಗಳನ್ನು ಅಂಟಿಸಿಕೊಂಡು ಓದುತ್ತಿದ್ದಳು. ನಾಚಿಕೆಯೂ ಇಲ್ಲ ಅವಳಿಗೆ. "ನನ್ನ ಸ್ಕೇಲಿಗೆ ಕ್ಷಮೆ ಕೇಳು ಮೊದಲು" ಎಂದಳು. ಆಮೇಲೆ, "ನಮ್ಮಮ್ಮ ನನಗೆ ಹೇಳಿದ ಸುಳ್ಳು ಒಂದೂ ವಾಪಸ್ ತಗೊಂಡಿಲ್ಲ ಕಣೇ" ಎಂದು ಕಾಗದವನ್ನು ನನ್ನ ತಲೆದಿಂಬಿನ ಕೆಳಗೆ ಇಟ್ಟಳು.

ಮರುದಿನ ಕಚೇರಿಗೆ ಹೋದೆ. ಗುಮಾಸ್ತರು ಪೆಟ್ಟಿಗೆ ತೆರೆಯುವುದು ಇಪ್ಪತ್ತೆಂಟಕ್ಕೇ, ಅಲ್ಲಿಯವರೆಗೆ ಒಳಗಿರುವುದು ಯಾರದೂ ಅಲ್ಲ ಎಂದರು. ಇಪ್ಪತ್ತೆಂಟರ ಮಧ್ಯಾಹ್ನ ಮೂರರಿಂದ ಅವರ ಮೇಜಿನ ಮುಂದೆ ನಿಂತೆ. ನಾಲ್ಕೂಮುಕ್ಕಾಲಿಗೆ ಅವರಿಗೇ ಕಾಲು ನೋಯಲು ಶುರುವಾಯಿತೋ ಏನೋ, ಬದಲಿಸಲು ಕಾರಣ ಏನು ಎಂದು ಕೇಳಿದರು.

"ಅಮ್ಮನ ಟೇಪು ಹಿಗ್ಗಿದೆ ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಷ್ಟು ವರ್ಷದಲ್ಲಿ ಹೊಟ್ಟೆನೋವು, ಮದುವೆ, ಜಾತಕ ಎಲ್ಲ ಕೇಳಿದ್ದೇನೆ, ಇದನ್ನು ಕೇಳಿರಲಿಲ್ಲ ಎಂದು ಬೀಗದ ಕೈ ತೆಗೆದರು. ಹೊಸ ಫಾರಂ ಕೊಟ್ಟರು. ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು.

ಅಮ್ಮ, ಆ ಒಂಬತ್ತು ನಿಮಿಷ ನಿನಗೆ ಹೇಗೆ ಹೇಳಲಿ. ಕಾಗದದ ಮೇಲೆ ಮೂರು ಖಾಲಿ ಗೆರೆ. ನನ್ನ ಹತ್ತಿರ ಇದ್ದದ್ದು ವಕೀಲೆಯ ಜಾರುವ ಸ್ಕೇಲು, ನೀನು ಬರೆದ ಒಂದು ನೂಲು. ಒಮ್ಮೆ ಸುಳ್ಳು ಹೇಳಿದ ಕೈಯನ್ನು ಮತ್ತೆ ನಂಬಬೇಕಾಗಿತ್ತು. ಕಸ ಗುಡಿಸುವಾಗ ಬಿಟ್ಟು ಗುಡಿಸು ಎಂದಿದ್ದೀಯಲ್ಲ, ಆ ಗುರುತು ಕಣ್ಣ ಮುಂದೆ ಬಂತು. ನೀನು ಬಗ್ಗಿ ಕೂತು ಮತ್ತೆ ಮತ್ತೆ ಅಳೆಯುತ್ತಿರುವುದೂ ಕಂಡಿತು. ವಾಯುಪಡೆ ಎಂದು ಬರೆದೆ.

ಡಾಕ್ಟರರ ಅಳತೆ ಮುಗಿಯುವವರೆಗೆ ನಿನಗೆ ಬರೆಯುವುದಿಲ್ಲ ಎಂದು ಹಟ ಹಿಡಿದೆ. ಸೋತಿದ್ದರೆ ಏನು ಬರೆಯುತ್ತಿದ್ದೆನೋ, ಅದು ನನಗೂ ಬೇಡವಾಗಿತ್ತು.

ನಿನ್ನೆ ಅಳೆದರು. ಬೆನ್ನನ್ನು ಗೋಡೆಗೆ ಎಷ್ಟು ಒತ್ತಿ ಕೂತಿದ್ದೆನೆಂದರೆ ಸುಣ್ಣ ಅಂಗಿಗೆ ಬಂದಿತ್ತು. ಡಾಕ್ಟರು ಎರಡು ಸಲ ನೋಡಿ, ಪಕ್ಕದವರನ್ನು ಕರೆದು ತೋರಿಸಿದರು. ಮೂವತ್ತೊಂಬತ್ತು, ಮೇಲೆ ಒಂದು ನೂಲು. ನಿನ್ನ ಕಡ್ಡಿ ಹೇಳಿದ್ದು ಸರಿಯಿತ್ತು, ಅಮ್ಮ. ಹೊರಗೆ ಬಂದು ನಲ್ಲಿಯ ಕೆಳಗೆ ತಲೆ ಹಿಡಿದು ನಿಂತುಬಿಟ್ಟೆ.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುತ್ತದೆ. ನಿನ್ನ ಕೋಟಿನ ಕಾಗದವನ್ನು ಕೋಣೆಯಲ್ಲಿ ಜೋರಾಗಿ ಓದಿದೆ, ಕಾಜಾ ಅಕ್ಕನ ಮಾತಿಗೆ ವಕೀಲೆ ಮಂಚದಿಂದ ಬಿದ್ದಳು.

ಹಾರುವಾಗ ಹಾಕುವ ಉಡುಪು ಎರಡು ಜೊತೆ ಕೊಟ್ಟಿದ್ದಾರೆ. ತೋಳು ಉದ್ದ, ಸೊಂಟ ಗೋಣಿಚೀಲ. ಇಲ್ಲಿ ಸರಿಮಾಡುವವರಿದ್ದಾರೆ, ನಾನು ಕೊಡಲಿಲ್ಲ. ಪಾರ್ಸೆಲ್ ಮಾಡಿದ್ದೇನೆ. ರಜೆಯಲ್ಲಿ ಬಂದು ಒಯ್ಯುತ್ತೇನೆ. ಟೇಪು ಯಾವುದಾದರೂ ಸರಿ.

ನಿನ್ನ
ಮಿಡತೆ


ಸೆಪ್ಟೆಂಬರ್ 1

ಮಿಡತೆ,

ಪಾರ್ಸೆಲ್ ಬಂತು. ಅಪ್ಪ ಒಂದು ಉಡುಪನ್ನು ಮೈಮೇಲೆ ಹಿಡಿದು ಕನ್ನಡಿಯ ಮುಂದೆ ನಿಂತು, "ಬಸ್ಸಿಗೂ ಇಂಥದ್ದು ಕೊಟ್ಟಿದ್ರೆ ಒಬ್ಬನೂ ಚಿಲ್ಲರೆ ಜಗಳ ಆಡ್ತಿರಲಿಲ್ಲ" ಎಂದರು. ನಿನ್ನ ಕಾಗದವನ್ನು ಶರ್ಟಿನ ಜೇಬಿನಲ್ಲಿಟ್ಟುಕೊಂಡೇ ಡ್ಯೂಟಿಗೆ ಹೋಗುತ್ತಿದ್ದಾರೆ. ಕಂಡಕ್ಟರಿಗೂ ಓದಿಸಿದ್ದಾಗಿದೆ.

ಹೊಸ ಟೇಪು ಕೊಂಡೆ. ಹಳೆಯದನ್ನೂ ಎಸೆಯುವಂತಿಲ್ಲ, ಹಳೆಯ ಗಿರಾಕಿಗಳ ಅಳತೆಯೆಲ್ಲ ಅದರ ಇಂಚಿನಲ್ಲೇ ಇದೆ. ಆದ್ದರಿಂದ ಈಗ ಕುತ್ತಿಗೆಯಲ್ಲಿ ಎರಡು. ಕಾಜಾ ಅಕ್ಕ ಡಾಕ್ಟರಮ್ಮ ಎನ್ನುತ್ತಾಳೆ. ಸೀಮೆಸುಣ್ಣದ ಗುರುತನ್ನು ಒರೆಸಬಹುದೇ ಎಂದು ನಿನ್ನೆ ಮೊದಲ ಸಲ ಕೇಳಿದಳು. ಒರೆಸು ಎಂದೆ.

ನಿನ್ನ ಉಡುಪಿನ ತೋಳು ಗಿಡ್ಡ ಮಾಡಿದೆ, ಸೊಂಟ ಹಿಡಿಸಿದೆ. ಕತ್ತರಿ ಹಾಕಿಲ್ಲ, ಹೆಚ್ಚಾದ ಬಟ್ಟೆಯೆಲ್ಲ ಒಳಗೇ ಇದೆ. ಎರಡನ್ನೂ ಇಸ್ತ್ರಿ ಮಾಡಿ, ಕೋಟಿನಿಂದ ಖಾಲಿಯಾದ ಮೂಲೆಯ ಮೊಳೆಗೆ ತೂಗುಹಾಕಿದ್ದೇನೆ. ಚೀಟಿಯಲ್ಲಿ "ಕಾಲು ಉದ್ದ" ಎಂದು ಬರೆದೆ. ಅದರ ಕೆಳಗೆ ಕೊಡುವ ದಿನ ಬರೆಯುವ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.

"ಬಂದಾಗ" ಎಂದು ಬರೆದಿದ್ದೇನೆ.

ಅಮ್ಮ